ಶಾಲೆಯ ಪೂಜೆ, ಭಜನೆಗೆ ಮಗು ಸೇರಲೇಬೇಕಾ? ನಮ್ಮ ಮನೆಯ ನಂಬಿಕೆ ಬೇರೆ

ಸೇರಲೇಬೇಕು ಅಂತೇನಿಲ್ಲ. ಸಂವಿಧಾನದ 28(3)ನೇ ವಿಧಿ ಇರುವುದೇ ಇದಕ್ಕೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪೂಜೆ-ಪ್ರಾರ್ಥನೆಗೆ ಮಗುವನ್ನು ಕೂರಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. 1986ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ಮಾತ್ರ ನಿಲ್ಲುತ್ತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪು ಅಂದಿತು.

ಆದ್ರೂ ಮೊದಲು ಟೀಚರ್ ಹತ್ತಿರ ಮಾತಾಡಿ, ಒಂದು ಚೀಟಿ ಬರೆದುಕೊಡಿ. ಆ ಹೊತ್ತಿಗೆ ಮಗುವಿಗೆ ಬೇರೆ ಏನು ಕೆಲಸ ಅಂತ ಕೇಳಲೇಬೇಕು, ಅದೇ ಮುಖ್ಯ. ನಾನು ಉಡುಪಿಯಲ್ಲಿ ಟೀಚರ್. ಒಮ್ಮೆ ಶಾರದಾ ಪೂಜೆಯ ದಿನ ಒಬ್ಬ ಹುಡುಗ ಹೊರಗೆ ಜಗಲಿಯಲ್ಲಿ ಒಬ್ಬನೇ ಚಪ್ಪಲಿ ಎಣಿಸುತ್ತಾ ಕೂತಿದ್ದ. ನೋಡಿ ಹೊಟ್ಟೆ ಉರಿಯಿತು. ಮುಂದಿನ ವರ್ಷ ಅವನಿಗೆ ಲೈಬ್ರರಿ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸ ಕೊಟ್ಟೆವು, ಇಬ್ಬರು ಗೆಳೆಯರೂ ಜೊತೆಗೆ ಹೋಗಿ ಕೂತರು.