ಶಾರ್ಕ್ ಕಡಲಿಗಿರಲಿ, ತುಂಗೆಯ ದಂಡೆಯಲ್ಲಿ ಹಳ್ಳ ಹತ್ತುವ ಮೀನು ತೋರಿಸೋಣ

ಪತ್ರ: ಎಂಜಿನಿಯರ್ ಆಗಿರುವ ಮಗನ ಜತೆ ಜಪಾನಿನ ಓಕಿನಾವಾ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ಕಡಲ ದಂಡೆಯ ಚುರೌಮಿ ಮತ್ಸ್ಯಾಲಯದಲ್ಲಿ ತಿಮಿಂಗಿಲ ಶಾರ್ಕ್ ಕಣ್ಣೆದುರೇ ಈಜುವುದನ್ನು ಕಂಡು ಮಾತೇ ಹೊರಡಲಿಲ್ಲ. ಶಿವಮೊಗ್ಗದಲ್ಲಿ ತುಂಗೆಯ ದಂಡೆ ಈಗ ಅಂದವಾಗಿದೆ. ಅಲ್ಲೊಂದು ಅಂಥದ್ದೇ ಮತ್ಸ್ಯಾಲಯ ಕಟ್ಟಿದರೆ ಜೋಗಕ್ಕೆ ಹೋಗುವವರು ಇಲ್ಲೂ ಒಂದು ದಿನ ನಿಲ್ಲುವುದಿಲ್ಲವೇ? – ಓದುಗರೊಬ್ಬರು, ಭದ್ರಾವತಿ

ಉತ್ತರ: ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದರೂ ಅಂಥ ಮೀನಿನ ಎದುರು ನಿಲ್ಲುವ ಸುಖವೇ ಬೇರೆ, ಒಪ್ಪಿದೆ. ಪ್ರವಾಸಿಗರು ನಿಂತರೆ ಹೋಟೆಲಿನವರಿಗೆ, ಆಟೋದವರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬುದೂ ನಿಜ. ಆದರೆ ನೀವು ಮೀನು ನೋಡಿ ಬಂದಿರಿ, ನೀರು ನೋಡಲಿಲ್ಲ.

ಚುರೌಮಿ ತೆರೆದದ್ದು 2002ರಲ್ಲಿ. ಅದರ ದೊಡ್ಡ ತೊಟ್ಟಿ ಹಿಡಿಯುವುದು 75 ಲಕ್ಷ ಲೀಟರ್. ನೀವು ಗಾಜು ಎಂದುಕೊಂಡದ್ದು ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್, 8.2 ಮೀಟರ್ ಎತ್ತರ, 22.5 ಮೀಟರ್ ಅಗಲ, 60 ಸೆಂಟಿಮೀಟರ್ ದಪ್ಪ. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ. ದಡದಿಂದ 350 ಮೀಟರ್ ಆಚೆ, 20 ಮೀಟರ್ ಆಳದಿಂದ ಹಗಲೂ ರಾತ್ರಿ ಕಡಲ ನೀರು ಎಳೆಯುತ್ತಾರೆ. ಹವಳದ ತೊಟ್ಟಿಗೆ ಮೇಲೆ ಚಾವಣಿಯೇ ಇಲ್ಲ, ದ್ವೀಪದ ಬಿಸಿಲು ನೇರ ನೀರಿಗೆ ಬೀಳುತ್ತದೆ. ಬಾಗಿಲೆದುರು ಏನಿದೆಯೋ ಅದನ್ನೇ ಒಳಗೆ ಕರೆದುಕೊಂಡಿದ್ದಾರೆ. ಅಮೆರಿಕದ ಮಾಂಟೆರೆಯಲ್ಲೂ ಹಾಗೆಯೇ. ಹಳೆಯ ಮೀನು ಡಬ್ಬಿ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ತೆರೆದ ಮತ್ಸ್ಯಾಲಯ ಅದು. ರಾತ್ರಿ ಹೊತ್ತು ಕೊಲ್ಲಿಯ ನೀರನ್ನು ಸೋಸದೆ ತೊಟ್ಟಿಗೆ ಬಿಡುತ್ತಾರೆ. ನೀರಿನ ಜತೆ ಬಂದ ಸಣ್ಣಪುಟ್ಟ ಜೀವಿಗಳು ಬಂಡೆಗೆ ಅಂಟಿ ತಾವಾಗಿಯೇ ಬೆಳೆಯುತ್ತವೆ.

ಈಗ ಶಿವಮೊಗ್ಗಕ್ಕೆ ಬನ್ನಿ. ಕಡಲಿರುವುದು ಘಟ್ಟದ ಕೆಳಗೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀವು ಕಂಡಂಥ ತೊಟ್ಟಿಯನ್ನು ಒಂದು ಸಲ ತುಂಬಲು 260 ಟನ್ ಉಪ್ಪು ಬೇಕು. ನೀರು ಬದಲಿಸುವಾಗ ಆ ಉಪ್ಪುನೀರನ್ನು ಎಲ್ಲಿಗೆ ಬಿಡುವುದು? ಊರೆಲ್ಲ ಕುಡಿಯುವ ತುಂಗೆಗೇ?

ಭದ್ರೆಯ ದಂಡೆಯವರಾದ ನಿಮಗೆ ನಮ್ಮ ಹೊಳೆಯ ಮೀನು ನೆನಪಾಗಲಿಲ್ಲವಲ್ಲ, ಅದೇ ನನ್ನ ಬೇಜಾರು. ಶೃಂಗೇರಿಯ ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಮಂಡಕ್ಕಿ ಎಸೆಯಿರಿ. ಮೊಳಕ್ಕಿಂತ ಉದ್ದದ ಮಹಶೀರ್ ಮೀನುಗಳು ಒಂದರ ಮೇಲೊಂದು ಏರಿ ಬರುತ್ತವೆ, ಬಾಯಿ ತೆರೆದಾಗ ದಪ್ಪ ತುಟಿ ಕಾಣುತ್ತದೆ, ಬೆನ್ನಿನ ಪದರ ಪದರ ಹುರುಪೆ ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತದೆ. ತೀರ್ಥಹಳ್ಳಿ ಕಡೆಯ ಚಿಬ್ಬಲಗುಡ್ಡೆಯಲ್ಲೂ ಮೀನನ್ನು ದೇವರದ್ದೆಂದು ಜನ ಕಾಪಾಡಿಕೊಂಡು ಬಂದಿದ್ದಾರೆ. ಗಡಿಯಾರದಷ್ಟು ನಿಯಮಿತವಾಗಿ ಮುಂಗಾರಿನ ಮೊದಲ ನೆರೆಗೆ ಹತ್ತುಮೀನು ಹೊಳೆ ಬಿಟ್ಟು ಹಳ್ಳ ಏರಿ, ಮೊಟ್ಟೆಯಿಡಲು ಗದ್ದೆಯ ತನಕ ಬರುತ್ತದೆ. ಮೀನು ಹಿಡಿಯಲು ಬಿದಿರಿನ ಕೂಣಿ ಒಡ್ಡಿದವರಿಗೆಲ್ಲ ಅದು ಗೊತ್ತು, ಅವರ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಬಾಯಿಯ ಕೆಳಗಿನ ತಟ್ಟೆಯಂಥ ಅಂಗದಿಂದ ಕಲ್ಲಿಗೆ ಅಂಟಿಕೊಂಡು ಸೆಳವಿನಲ್ಲೂ ಕದಲದ ಬೆರಳುದ್ದದ ಮೀನು ನಮ್ಮ ಹಳ್ಳಗಳಲ್ಲಿದೆ. ಅದನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ ತಂದು ತೋರಿಸಿದವರು ಯಾರು?

ಮತ್ಸ್ಯಾಲಯ ಆಗಲಿ, ನಾನೂ ಕೈಜೋಡಿಸುತ್ತೇನೆ. ಆದರೆ ತುಂಗೆಯದ್ದೇ ಆಗಲಿ. ನೆರೆ ಬಂದಾಗ ಹೊಳೆಯಲ್ಲಿನ ಕೋರ್ಪಲಯ್ಯ ಮಂಟಪ ಮುಳುಗುವ ಮಟ್ಟಕ್ಕಿಂತ ಎತ್ತರದಲ್ಲಿ ಕಟ್ಟಡ ಬರಲಿ. ಮಳೆಗಾಲದ ಕೆನ್ನೀರು ತಿಳಿಯಾಗಲು ಬೇರೆ ತೊಟ್ಟಿ ಇರಲಿ. ಘಟ್ಟದ ಹಳ್ಳದ ಮೀನಿಗೆ ನಿಂತ ನೀರು ಆಗುವುದಿಲ್ಲ, ಮೇಲಿನಿಂದ ಕೆಳಕ್ಕೆ ಕಲ್ಲಿನ ಮೇಲೆ ಹರಿಯುವ ತಂಪು ನೀರೇ ಬೇಕು. ಕರೆಂಟು ಹೋದಾಗ ಪಂಪ್ ನಿಲ್ಲದಂತೆ ಜನರೇಟರ್ ಬೇಕು.

ಇದೆಲ್ಲ ಹೇಳಿದರೆ ಕೇಳುವವರು ಕಡಿಮೆ. ಒಂದು ಊರಿನಲ್ಲಿ ಉದ್ಘಾಟನೆಯ ಹಿಂದಿನ ಸಂಜೆ ಹೊಸ ತೊಟ್ಟಿಗೆ ನೀರು ತುಂಬಿ, ಅಂದೇ ಮೀನು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಸೋಸುವ ಮರಳಿನಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ಅಷ್ಟು ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ರಿಬ್ಬನ್ ಕತ್ತರಿಸಿದವರು ಹೋದರು, ಮೀನು ಒಂದೊಂದಾಗಿ ತೇಲಿದವು. ಕಟ್ಟಡಕ್ಕೆ ಕೋಟಿಗಟ್ಟಲೆ ಮಂಜೂರು ಮಾಡುವ ನಾವು, ದಿನಾ ಬೆಳಿಗ್ಗೆ ನೀರು ಪರೀಕ್ಷಿಸುವ ಒಬ್ಬ ಹುಡುಗನ ಸಂಬಳಕ್ಕೆ ದುಡ್ಡಿಲ್ಲ ಎನ್ನುತ್ತೇವೆ. ದಂಡೆಗೆ ಟೈಲ್ಸ್ ಹಾಕುತ್ತೇವೆ, ಚರಂಡಿಯನ್ನು ಹೊಳೆಗೇ ಬಿಡುತ್ತೇವೆ.

ನಿಮ್ಮ ಮಗ ಎಂಜಿನಿಯರ್ ಎಂದು ಬರೆದಿದ್ದೀರಿ. ತುಂಗೆಯ ಮೀನಿಗೆ ಒಂದು ನಕ್ಷೆ ಹಾಕಿಕೊಡಲು ಹೇಳಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಡುತ್ತೇನೆ. ಪಂಪ್ ಮನೆಯಿಂದ ಶುರು ಮಾಡಲಿ.