ಅಂಕಪಟ್ಟಿ, ಆಧಾರ್ ಎಲ್ಲ ಒಂದೇ ಪಿಡಿಎಫ್: ತಾಣಕ್ಕೆ ಹಾಕಲೇ, ಮನೆಯಲ್ಲೇ ಜೋಡಿಸಲೇ?

ಪ್ರಶ್ನೆ: ಕೆಲಸದ ಅರ್ಜಿಗೆ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಇ-ಆಧಾರ್ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕೊಡಬೇಕು, 2 ಎಂಬಿ ಮೀರಬಾರದು. ಆನ್‌ಲೈನ್‌ನಲ್ಲಿ ಮಾಡು ಅಂತಾರೆ ಗೆಳೆಯರು. ನನಗೆ ಅಳುಕು. ಸಾಫ್ಟ್‌ವೇರ್ ಹಾಕಿಕೊಳ್ಳಲೇ?

ಉತ್ತರ: ಹಾಕಿಕೊಳ್ಳಿ. ಪಾಠದ ನೋಟ್ಸೋ ಮದುವೆ ಕರೆಯೋಲೆಯೋ ಆಗಿದ್ದರೆ ಐಲವ್‌ಪಿಡಿಎಫ್‌ನಂಥ ತಾಣದಲ್ಲಿ ಎರಡು ನಿಮಿಷದ ಕೆಲಸ, ಮುಗಿಸಿಬಿಡಿ ಎನ್ನುತ್ತಿದ್ದೆ. ಅಲ್ಲಿ ಜೋಡಣೆ ನಡೆಯುವುದು ಅವರ ಸರ್ವರಿನಲ್ಲಿ. ಎರಡು ಗಂಟೆಯೊಳಗೆ ಅಳಿಸುತ್ತೇವೆ ಎನ್ನುತ್ತಾರೆ, ಇರಲಿ. ಆದರೆ ಹುಟ್ಟಿದ ದಿನ, ವಿಳಾಸ, ಆಧಾರ್ ಸಂಖ್ಯೆ ಒಂದೇ ಫೈಲಿನಲ್ಲಿ ಕೂತಿರುವಾಗ ಬೇರೆಯವರ ಮಾತಿನ ಮೇಲೆ ಬಿಡುವ ದರ್ದೇನು? ಹೆಸರೇ ಕೇಳಿರದ ತಾಣಗಳ ಸಹವಾಸವಂತೂ ಬೇಡ.

ವಿಂಡೋಸ್ ಇದ್ದರೆ ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. 'ಬೇಸಿಕ್' ಎಂಬುದನ್ನು ನೋಡಿಯೇ ಇಳಿಸಿಕೊಳ್ಳಿ, ಅದರ ಅಣ್ಣ-ತಮ್ಮಂದಿರಿಗೆ ದುಡ್ಡು ಕೊಡಬೇಕು. 'ಮರ್ಜ್' ತೆರೆದು ಫೈಲುಗಳನ್ನು ಎಳೆದು ಹಾಕಿ, ಕ್ರಮ ಸರಿಮಾಡಿ, 'ರನ್' ಒತ್ತಿ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮ್ಯಾಕ್‌ನಲ್ಲಿ ಪ್ರಿವ್ಯೂ ಇದ್ದೇ ಇದೆ. ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ಜೋಡಿಸುವ ಉಪಾಯ ಹೇಳುವವರಿದ್ದಾರೆ. ಕನ್ನಡ ಅಕ್ಷರಗಳಿರುವ ಪಿಡಿಎಫ್‌ಗೆ ಅದು ಬೇಡ, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದದ್ದನ್ನು ನಾನೇ ನೋಡಿದ್ದೇನೆ.

ತೊಡಕು ಬರುವುದು ಇ-ಆಧಾರ್‌ನಲ್ಲಿ. ಅದಕ್ಕೆ ಪಾಸ್‌ವರ್ಡ್ ಇರುವುದರಿಂದ ಪಟ್ಟಿಯಲ್ಲಿ ಬೀಗದ ಗುರುತು ಕಾಣುತ್ತದೆ. ಅದನ್ನು ಒತ್ತಿ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲೇ ಹುಟ್ಟಿದ ವರ್ಷ ಕೊಡಿ. ಜೋಡಿಸಿದ ಮೇಲೆ ಅದರ ಡಿಜಿಟಲ್ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಯಾವ ಉಪಕರಣ ಬಳಸಿದರೂ ಅಷ್ಟೇ, ಹಾಗಾಗಿ ಮೂಲ ಫೈಲನ್ನು ಅಳಿಸಬೇಡಿ. ಪೂರ್ತಿ ಸಂಖ್ಯೆ ಬೇಕೆಂದು ಅರ್ಜಿಯಲ್ಲಿ ಇಲ್ಲದಿದ್ದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಅದನ್ನೇ ಸೇರಿಸಿ.

ಇನ್ನು 2 ಎಂಬಿ. ಜೋಡಿಸಿದರೆ ಗಾತ್ರ ಇಳಿಯುವುದಿಲ್ಲ, ಎಲ್ಲದರ ತೂಕ ಕೂಡಿಕೊಳ್ಳುತ್ತದೆ. ಇದಕ್ಕೆಂದೇ ಜನ ಮತ್ತೆ ಆನ್‌ಲೈನ್ 'ಕಂಪ್ರೆಸ್' ತಾಣಕ್ಕೆ ಓಡುತ್ತಾರೆ! ಅದರ ಬದಲು ಅಂಕಪಟ್ಟಿಗಳನ್ನು 150 ಡಿಪಿಐನಲ್ಲಿ (ಚಿತ್ರ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಅಳತೆ), ಗ್ರೇಸ್ಕೇಲ್‌ನಲ್ಲಿ, ಅಂದರೆ ಬಣ್ಣವಿಲ್ಲದೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಬಣ್ಣದಲ್ಲೇ ಬೇಕು ಎಂದಿದ್ದರೆ ಡಿಪಿಐ ಮಾತ್ರ ಇಳಿಸಿ.

ಸ್ಕ್ಯಾನ್‌ಗೆ ಸೈಬರ್ ಅಂಗಡಿಗೆ ಹೋದರೆ ಎದ್ದು ಬರುವ ಮೊದಲು ಡೌನ್‌ಲೋಡ್ಸ್ ಫೋಲ್ಡರು, ರೀಸೈಕಲ್ ಬಿನ್ ಎರಡನ್ನೂ ನೋಡಿ ನಿಮ್ಮ ಫೈಲುಗಳನ್ನು ಅಳಿಸಿ. ಅಂಥ ಕಂಪ್ಯೂಟರಿನ ಪರದೆಯ ಮೇಲೇ ಯಾರ್ಯಾರದೋ ಪ್ಯಾನ್ ಕಾರ್ಡು ಸಾಲಾಗಿ ಬಿದ್ದಿದ್ದನ್ನು ಕಂಡಿದ್ದೇನೆ.