ಆಸ್ಟ್ರೋಫೋಟೋಗಳಲ್ಲಿ ಕಾಣೋ ನೆಬ್ಯುಲಾಗಳಲ್ಲಿ ಎಷ್ಟು ಥರ ಇದೆ? ಆ ಬಣ್ಣ ಎಲ್ಲಾ ನಿಜಾನಾ?

ಒಂದು ಫೋಟೋ ಕೆಂಪಗಿದೆ, ಇನ್ನೊಂದು ನೀಲಿ, ಮತ್ತೊಂದರಲ್ಲಿ ಬರೀ ಕಪ್ಪು ಮೋಡ, ಎಲ್ಲದಕ್ಕೂ ನೆಬ್ಯುಲಾ ಅಂತಾನೇ ಹೇಳ್ತಾರಲ್ಲ ಅಂತ ಕೇಳಿದೀರಿ. ನೆಬ್ಯುಲಾ ಅಂದ್ರೆ ಬಾಹ್ಯಾಕಾಶದಲ್ಲಿರೋ ಅನಿಲ, ಧೂಳಿನ ಮೋಡ. ನಾನು ಹವ್ಯಾಸಕ್ಕೆ ಆಕಾಶದ ಫೋಟೋ ತೆಗೆಯೋನು. ಹೆಸರುಗಳನ್ನ ಬಾಯಿಪಾಠ ಮಾಡೋ ಬದಲು ಒಂದೇ ಒಂದು ವಿಷಯ ನೋಡಿ, ಆ ಬೆಳಕು ಎಲ್ಲಿಂದ ಬರ್ತಿದೆ? ಅದು ಗೊತ್ತಾದ್ರೆ ಯಾವ ಥರದ್ದು ಅನ್ನೋದೂ ತಿಳಿಯುತ್ತೆ, ಹೇಗೆ ಶೂಟ್ ಮಾಡ್ಬೇಕು ಅನ್ನೋದೂ ತಿಳಿಯುತ್ತೆ.

ಕೆಂಪಗಿರೋದು ಸಾಮಾನ್ಯವಾಗಿ ಎಮಿಷನ್ ನೆಬ್ಯುಲಾ, ಅಂದ್ರೆ ಅನಿಲ ತಾನೇ ಬೆಳಗ್ತಿರುತ್ತೆ. ಹತ್ತಿರದಲ್ಲಿರೋ ತುಂಬಾ ಬಿಸಿ ನಕ್ಷತ್ರಗಳ ಅಲ್ಟ್ರಾವಯಲೆಟ್ ಹೈಡ್ರೋಜನ್ ಪರಮಾಣುವಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತೆ, ಆ ಎಲೆಕ್ಟ್ರಾನ್ ವಾಪಸ್ ಸೇರ್ಕೊಂಡು ಒಂದೊಂದೇ ಮಟ್ಟ ಇಳಿಯುವಾಗ 656.3 ನ್ಯಾನೋಮೀಟರಿನ ಕೆಂಪು ಬೆಳಕು ಬರುತ್ತೆ, ನಾವೆಲ್ಲಾ ಎಚ್-ಆಲ್ಫಾ ಅನ್ನೋದು ಇದನ್ನೇ. ಓರಿಯನ್ ನೆಬ್ಯುಲಾ, ಲಗೂನ್, ರೊಸೆಟ್ ಎಲ್ಲಾ ಈ ಜಾತಿ. ಮಾಮೂಲಿ ಡಿಎಸ್ಎಲ್ಆರ್ ಸೆನ್ಸರ್ ಮುಂದಿರೋ ಫಿಲ್ಟರ್ ಇದೇ ಕೆಂಪನ್ನ ಬಹುಪಾಲು ತಡೆದುಬಿಡುತ್ತೆ, ಅದಕ್ಕೇ ಎಷ್ಟೋ ಜನ ಕ್ಯಾಮೆರಾ ಮಾಡಿಫೈ ಮಾಡಿಸ್ತಾರೆ. ಓರಿಯನ್ ಮಾತ್ರ ಮಾಡಿಫೈ ಮಾಡದೇ ಇದ್ರೂ ಚೆನ್ನಾಗಿ ಬರುತ್ತೆ, ಆದ್ರೆ ನಡುವಿನ ಟ್ರೆಪೀಜಿಯಂ ನಕ್ಷತ್ರಗಳ ಸುತ್ತ ಎಷ್ಟು ಪ್ರಖರ ಅಂದ್ರೆ ಲಾಂಗ್ ಎಕ್ಸ್‌ಪೋಷರ್‌ನಲ್ಲಿ ಪೂರ್ತಿ ಬಿಳಿಯಾಗಿಹೋಗುತ್ತೆ, ಅಲ್ಲಿಗೆ ಅಂತ ಕೆಲವೇ ಸೆಕೆಂಡಿನ ಫ್ರೇಮ್‌ಗಳನ್ನ ಬೇರೆ ತೆಗೆದು ಸೇರಿಸ್ಬೇಕು.

ನೀಲಿಯವು ರಿಫ್ಲೆಕ್ಷನ್ ನೆಬ್ಯುಲಾ. ಇಲ್ಲಿ ಮೋಡಕ್ಕೆ ಸ್ವಂತ ಬೆಳಕಿಲ್ಲ, ಪಕ್ಕದ ನಕ್ಷತ್ರದ ಬೆಳಕು ಧೂಳಿಗೆ ಬಿದ್ದು ಚದುರುತ್ತೆ, ನೀಲಿ ಜಾಸ್ತಿ ಚದುರುತ್ತೆ. ಕೃತ್ತಿಕೆ ಸುತ್ತ ಕಾಣೋ ನೀಲಿ ಎಳೆಗಳು ಇದೇ. 1912ರಲ್ಲಿ ವೆಸ್ಟೋ ಸ್ಲೈಫರ್ ಅನ್ನೋ ಖಗೋಳ ವಿಜ್ಞಾನಿ ಆ ಮೋಡದ ಸ್ಪೆಕ್ಟ್ರಮ್ (ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದಾಗ ಅದು ಅಲ್ಲಿನ ನಕ್ಷತ್ರಗಳ ಸ್ಪೆಕ್ಟ್ರಮ್ ಥರಾನೇ ಇತ್ತು, ವಿಷಯ ಗೊತ್ತಾಗಿದ್ದೇ ಹಾಗೆ. ಇನ್ನು ಡಾರ್ಕ್ ನೆಬ್ಯುಲಾ ಅಂದ್ರೆ ಹಿಂದಿನ ಬೆಳಕನ್ನ ಮರೆಮಾಡೋ ದಟ್ಟ ಧೂಳು. ಹಾರ್ಸ್‌ಹೆಡ್‌ನ ಕುದುರೆ ತಲೆ ಕಾಣೋದೇ ಹಿಂದೆ ಐಸಿ 434 ಅನ್ನೋ ಕೆಂಪು ಎಮಿಷನ್ ನೆಬ್ಯುಲಾ ಇರೋದ್ರಿಂದ. 1888ರಲ್ಲಿ ಹಾರ್ವರ್ಡ್‌ನ ಫೋಟೋ ಪ್ಲೇಟ್‌ನಲ್ಲಿ ಅದನ್ನ ಗುರುತಿಸಿದ್ದು ವಿಲಿಯಮಿನಾ ಫ್ಲೆಮಿಂಗ್, ಈ ಹೆಸರನ್ನ ಜನ ಇನ್ನೂ ಜಾಸ್ತಿ ನೆನಪಿಟ್ಕೋಬೇಕು ಅಂತ ನನ್ನ ಆಸೆ.

ನನಗೆ ಎಲ್ಲಕ್ಕಿಂತ ಇಷ್ಟ ಪ್ಲಾನೆಟರಿ ನೆಬ್ಯುಲಾ. ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ, ಸೂರ್ಯನಂಥ ನಕ್ಷತ್ರ ಕೊನೆಗಾಲದಲ್ಲಿ ಹೊರಪದರಗಳನ್ನ ಕಳಚಿ ಬಿಡುತ್ತೆ, ಒಳಗೆ ಉಳಿದ ಬಿಸಿ ತಿರುಳು ಆ ಅನಿಲವನ್ನ ಬೆಳಗಿಸುತ್ತೆ. ರಿಂಗ್, ಡಂಬ್‌ಬೆಲ್, ಹೆಲಿಕ್ಸ್ ಇವೇ. 1864ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹಗ್ಗಿನ್ಸ್ ಇದೇ ಜಾತಿಯ ಕ್ಯಾಟ್ಸ್ ಐ ನೆಬ್ಯುಲಾಗೆ ಸ್ಪೆಕ್ಟ್ರೋಸ್ಕೋಪ್ ಹಿಡಿದು ನೋಡಿದಾಗ ಕಂಡ ಹಸಿರು ಗೆರೆ ಗೊತ್ತಿರೋ ಯಾವ ಧಾತುವಿಗೂ ಹೊಂದಲಿಲ್ಲ, ಹೊಸ ಧಾತು ಅಂದ್ಕೊಂಡು ನೆಬ್ಯುಲಿಯಂ ಅಂತ ಹೆಸರೂ ಬಂತು. 1927ರಲ್ಲಿ ಐರಾ ಬೋವನ್ ಅನ್ನೋ ಭೌತವಿಜ್ಞಾನಿ ಅದು ಎರಡು ಎಲೆಕ್ಟ್ರಾನ್ ಕಳ್ಕೊಂಡ ಮಾಮೂಲಿ ಆಕ್ಸಿಜನ್ನೇ ಅಂತ ತೋರಿಸಿದ್ರು, ಅನಿಲ ಅಷ್ಟು ತೆಳುವಾಗಿದ್ರೆ ಮಾತ್ರ ಆ ಗೆರೆ ಕಾಣೋಷ್ಟು ಬೆಳಗೋದು. ಈಗ ನಾವು ಒ-ತ್ರೀ ಫಿಲ್ಟರ್ ಹಾಕಿ ಹಿಡಿಯೋದು ಅದೇ 500.7 ನ್ಯಾನೋಮೀಟರ್ ಬೆಳಕನ್ನ.

ಸೂಪರ್‌ನೋವಾ ಅವಶೇಷಗಳು ದೊಡ್ಡ ನಕ್ಷತ್ರ ಸಿಡಿದ ಮೇಲಿನ ಕಥೆ. ವೇಲ್ ನೆಬ್ಯುಲಾದ ಎಳೆಗಳು ಸ್ಫೋಟದ ಅಲೆ ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ ಹೊಳೀತಿರೋವು, ಕ್ರ್ಯಾಬ್ ನೆಬ್ಯುಲಾ 1054ರಲ್ಲಿ ಚೀನಾದವರು ಬರೆದಿಟ್ಟ ಸ್ಫೋಟದ ಉಳಿಕೆ.

ಹಾಗಂತ ಪ್ರತಿಯೊಂದೂ ಒಂದೇ ಗುಂಪಿಗೆ ಸೇರುತ್ತೆ ಅಂತಿಲ್ಲ. ಟ್ರಿಫಿಡ್ ನೆಬ್ಯುಲಾದ ಫೋಟೋ ಜೂಮ್ ಮಾಡಿ ನೋಡಿ, ಕೆಂಪು ಭಾಗ ಎಮಿಷನ್, ಅದನ್ನ ಸೀಳೋ ಕಪ್ಪು ಗೆರೆಗಳು ಡಾರ್ಕ್, ಪಕ್ಕಕ್ಕೇ ಅಂಟ್ಕೊಂಡಿರೋ ನೀಲಿ ರಿಫ್ಲೆಕ್ಷನ್, ಮೂರೂ ಒಂದೇ ಫ್ರೇಮ್‌ನಲ್ಲಿ! ಹೊಸಬರಿಗೆ ನಾನು ಮೊದಲು ತೋರಿಸೋದೇ ಇದನ್ನ.

ಶೂಟ್ ಮಾಡೋರಿಗೆ ಒಂದು ಮಾತು, ಡ್ಯುಯಲ್ ಬ್ಯಾಂಡ್ ಫಿಲ್ಟರ್ ಎಚ್-ಆಲ್ಫಾ ಮತ್ತು ಒ-ತ್ರೀ ಮಾತ್ರ ಬಿಡುತ್ತೆ, ಹಾಗಾಗಿ ಲೈಟ್ ಪೊಲ್ಯೂಷನ್ ಇದ್ರೂ ಎಮಿಷನ್, ಪ್ಲಾನೆಟರಿ, ಸೂಪರ್‌ನೋವಾ ಅವಶೇಷ ಚೆನ್ನಾಗಿ ಬರ್ತವೆ. ಕೃತ್ತಿಕೆಗೆ ಮಾತ್ರ ಅದನ್ನ ಹಾಕ್ಬೇಡಿ, ಅಲ್ಲಿರೋದು ನಕ್ಷತ್ರದ್ದೇ ಎಲ್ಲಾ ಬಣ್ಣ ಸೇರಿದ ಬೆಳಕು, ಫಿಲ್ಟರ್ ಅದರಲ್ಲೇ ಬಹುಪಾಲು ಕತ್ತರಿಸಿಬಿಡುತ್ತೆ. ಅದಕ್ಕೂ ಡಾರ್ಕ್ ನೆಬ್ಯುಲಾಕ್ಕೂ ಕತ್ತಲ ಆಕಾಶ ಹುಡ್ಕೊಂಡು ಹೋಗೋದೇ ಸರಿ.

ಬಣ್ಣ ನಿಜಾನಾ ಅಂದ್ರೆ, ಬೆಳಕಂತೂ ನಿಜ. ಟೆಲಿಸ್ಕೋಪಲ್ಲಿ ಕಣ್ಣಿಟ್ರೆ ಹೆಚ್ಚಿನವು ಬೂದು ಬಣ್ಣಕ್ಕೇ ಕಾಣೋದು, ಯಾಕಂದ್ರೆ ಅಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗಲ್ಲ. ಫೋಟೋ ಕೆಳಗೆ ಆರ್‌ಜಿಬಿ ಅಂತಿದ್ರೆ ಕೆಂಪು, ಹಸಿರು, ನೀಲಿ ಬೆಳಕನ್ನ ಆಯಾ ಬಣ್ಣದಲ್ಲೇ ತೋರಿಸಿರ್ತಾರೆ, ಸಹಜ ಬಣ್ಣಕ್ಕೆ ಹತ್ತಿರ. ಎಸ್‌ಎಚ್‌ಒ ಅಂತಿದ್ರೆ ಹಬಲ್ ಪ್ಯಾಲೆಟ್, ಅಂದ್ರೆ ಹಬಲ್ ಟೆಲಿಸ್ಕೋಪಿನ ಹೆಸರಿನ ಬಣ್ಣದ ಜೋಡಣೆ, ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ ಅಂತ ಬೇಕಂತಲೇ ಕೊಟ್ಟಿರ್ತಾರೆ, ಹಬಲ್ 1995ರಲ್ಲಿ ತೆಗೆದ ಪಿಲ್ಲರ್ಸ್ ಆಫ್ ಕ್ರಿಯೇಷನ್ ಫೋಟೋ ಹೀಗೇ ಮಾಡಿದ್ದು. ಗಂಧಕ, ಹೈಡ್ರೋಜನ್ ಎರಡೂ ಅಸಲಿಗೆ ಕೆಂಪೇ, ಹಾಗೇ ಬಿಟ್ರೆ ಯಾವುದು ಎಲ್ಲಿದೆ ಅಂತ ಬಿಡಿಸಿ ನೋಡೋಕಾಗಲ್ಲ.